ಕಣ್ತಿಳಿ ಗಿಡವೂ ‘ಬರ್ತೀನಿ’ ಎಂದ ಮಾಂತ್ರಿಕನೂ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ತಿಳಿಗೊಳ ಎಂಬ ರಾಜ್ಯವಿತ್ತು. ಆ ನೆಲಕ್ಕೆ ಒಂದು ಗುಣ. ಹೊಸ್ತಿಲಲ್ಲಿ ನಿಂತು ಆಡಿದ ಮಾತು ಅಲ್ಲಿ ನಿಜವಾಗುತ್ತಿತ್ತು. ಅದಕ್ಕೇ ಅಲ್ಲಿ ಹೊರಡುವವರು ಯಾರೂ ‘ಹೋಗ್ತೀನಿ’ ಎನ್ನುತ್ತಿರಲಿಲ್ಲ, ‘ಬರ್ತೀನಿ’ ಎನ್ನುತ್ತಿದ್ದರು. ಹಾಗೆಂದು ಹೋದವರು ತಪ್ಪದೆ ಮರಳಿ ಬರುತ್ತಿದ್ದರು.

ಈ ಗುಟ್ಟು ಮಸುಕಯ್ಯನೆಂಬ ಮಾಂತ್ರಿಕನಿಗೂ ಗೊತ್ತಿತ್ತು. ರಾಜಭಟರು ಎಷ್ಟು ಸಲ ಹೊರದಬ್ಬಿದರೂ ಕೋಟೆಯ ಹೊಸ್ತಿಲಲ್ಲಿ ಕೈಮುಗಿದು ‘ಬರ್ತೀನಿ’ ಎನ್ನುತ್ತಿದ್ದ, ಬಂದೇ ಬಿಡುತ್ತಿದ್ದ. ಒಮ್ಮೆ ಸಿಟ್ಟೇರಿ ಊರವರೆಲ್ಲರ ಕಣ್ಣಿಗೆ ಮಸುಕು ಎರಚಿದ. ಅಂದಿನಿಂದ ಮನೆ, ಮರ, ದನ ಎಲ್ಲ ಕಾಣುತ್ತಿದ್ದವು, ಮನುಷ್ಯರ ಮುಖ ಮಾತ್ರ ಕಾಣುತ್ತಿರಲಿಲ್ಲ. ಹೆಂಗಸರು ಸಂತೆಯಲ್ಲಿ ಗಂಡಂದಿರನ್ನು ಕೆಮ್ಮಿನಿಂದ ಗುರುತು ಹಿಡಿಯಬೇಕಾಯಿತು. ರಾಜ ಮಂತ್ರಿಯೆಂದುಕೊಂಡು ಅಡುಗೆಭಟ್ಟನ ಸಲಹೆ ಕೇಳತೊಡಗಿದ. ರಾಜ್ಯ ಮೊದಲಿಗಿಂತ ಚೆನ್ನಾಗಿ ನಡೆಯಿತು ಎನ್ನುವವರೂ ಇದ್ದರು, ಆ ಮಾತು ಬಿಡಿ.

ದೇಮಕ್ಕನಿಗೆ ಮಾತ್ರ ಇದು ನಗುವ ಸಂಗತಿಯಾಗಿರಲಿಲ್ಲ. ಮಸುಕು ಕವಿದ ಮೇಲೆ ಅವಳಿಗೆ ಹೂವಿ ಎಂಬ ಮಗಳು ಹುಟ್ಟಿದ್ದಳು. ಎಣ್ಣೆ ಹಚ್ಚಿ ನೀರೆರೆಯುವಾಗ ಮಗುವಿನ ಮೂಗು, ಹುಬ್ಬು, ಗಲ್ಲ ಬೆರಳಿಗೆ ಸಿಗುತ್ತಿದ್ದವು, ಕಣ್ಣಿಗೆ ಸಿಗುತ್ತಿರಲಿಲ್ಲ. ಹೆತ್ತ ಮಗಳ ಮುಖವನ್ನು ಒಂದು ಸಲವಾದರೂ ನೋಡಬೇಕೆಂದು ಅವಳು ಹಂಬಲಿಸುತ್ತಿದ್ದಳು.

ಒಂದು ದಿನ ಹಿತ್ತಿಲ ಬಾವಿಗೆ ಬಿದ್ದಿದ್ದ ಮುಂಗುಸಿಯನ್ನು ದೇಮಕ್ಕ ಕೊಡದಲ್ಲಿ ಸೇದಿ ಮೇಲೆತ್ತಿದಳು. ಮುಂಗುಸಿ ಮೈ ಕೊಡವಿಕೊಂಡು ಮಾತಾಡಿತು.

“ತಗೋ ತಾಯಿ, ಕಣ್ತಿಳಿ ಬೀಜ. ನೆನೆಸಿದ್ರೆ ಕಾಮಕಸ್ತೂರಿ ಬೀಜದ ಹಾಗೆ ಲೋಳೆ ಬಿಡುತ್ತೆ. ಅದನ್ನ ಸವರಿದ್ರೆ ಕಣ್ಣಿನ ಮಸುಕು ಹೋಗುತ್ತೆ. ಇರೋದು ಒಂದು ಚಿಟಿಕೆ, ಒಬ್ಬರ ಕಣ್ಣಿಗೆ ಸಾಕು. ಬಿತ್ತಿ ಬೆಳೆದ್ರೆ ಊರಿಗೇ ಸಾಕು. ಆದ್ರೆ ಮೊದಲ ವರ್ಷ ಬರೀ ಎಲೆ, ಹೂವು ಬಿಡೋದು ಮರುವರ್ಷ. ಕಾಯ್ತೀಯಾ?”

ಈ ಸುದ್ದಿ ಮಸುಕಯ್ಯನ ಕಿವಿಗೆ ಬಿತ್ತು. ಅವನು ಬಳೆಗಾರನಾಗಿ ಬಂದು ಜಗಲಿಯ ಮೇಲೆ ಕೂತ. “ಎರಡು ವರ್ಷ ಯಾಕವ್ವಾ ಕಾಯ್ತೀ? ಈಗ್ಲೇ ಸವರ್ಕೋ. ಇವತ್ತೇ ಮಗಳ ಮುಖ ನೋಡ್ಬಹುದು” ಎಂದ.

ದೇಮಕ್ಕನಿಗೆ ಆಸೆ ತಡೆಯಲಾಗಲಿಲ್ಲ. ಬೀಜವನ್ನು ಅಂಗೈಗೆ ಸುರಿದುಕೊಂಡು ನೀರಿನ ಚೊಂಬಿಗೆ ಕೈ ಚಾಚಿದಳು. ಅಷ್ಟರಲ್ಲಿ ಹೂವಿ ಓಡಿಬಂದು ಸೆರಗು ಹಿಡಿದು, “ಅವ್ವಾ, ನೀನು ಹೆಂಗಿದೀಯಾ?” ಎಂದು ಕೇಳಿದಳು.

ನಾನು ಅವಳನ್ನು ನೋಡಿದರೆ ಸಾಕೇ, ಅವಳು ನನ್ನನ್ನು ನೋಡಬೇಡವೇ ಎನ್ನಿಸಿ ದೇಮಕ್ಕ ಎದ್ದಳು. ಹಿತ್ತಿಲಲ್ಲಿ ಬಿಸಿಲು ಬೀಳುವ ಕಡೆ ಮಣ್ಣು ಸಡಿಲಿಸಿ, ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹರಡಿದಳು. ಬಳೆಗಾರ ಹಲ್ಲು ಕಡಿಯುತ್ತ “ಬರ್ತೀನಿ” ಎಂದು ಹೊರಟ.

ಗಿಡಗಳು ಹುಟ್ಟಿದವು. ಎಲೆಗಳು ಕರುವಿನ ಕಿವಿಯ ಹಾಗೆ ನವಿರು ನವಿರಾಗಿ ನೆಲಕ್ಕೆ ಹರಡಿಕೊಂಡವು. ವರ್ಷ ಕಳೆದರೂ ಒಂದು ಮೊಗ್ಗಿಲ್ಲ. “ಸಾರಿಗೂ ಆಗದ ಸೊಪ್ಪಿಗೆ ಎಂಥ ಉಪಚಾರವೇ!” ಎಂದು ನೆರೆಯವರು ನಕ್ಕರು. ದೇಮಕ್ಕ ಬೇರು ಕೊಳೆಯದ ಹಾಗೆ ಹದವಾಗಿ ನೀರು ಹೊಯ್ಯುತ್ತಲೇ ಇದ್ದಳು.

ಆಗ ಮಸುಕಯ್ಯ ಎಮ್ಮೆಯಾಗಿ ಬೇಲಿ ಮುರಿದು ನುಗ್ಗಿದ. ಬಾಯ್ತುಂಬ ಎಲೆ ಕಿತ್ತ. ಆ ಘಾಟು ನೆತ್ತಿಗೇರಿ, ಥೂ ಎಂದು ಉಗುಳಿ ತಿರುಗಿ ಓಡಿದ. ಓಡುವಾಗಲೂ ಹಳೆಯ ಚಾಳಿ ಬಿಡದೆ ಹಿತ್ತಿಲ ಹೊಸ್ತಿಲು ದಾಟುತ್ತ “ಬರ್ತೀನಿ” ಎಂದ. ಎಮ್ಮೆ ಮಾತಾಡಿದ್ದಕ್ಕೆ ದೇಮಕ್ಕ ಬೆಚ್ಚಲಿಲ್ಲ. ಬಳೆಗಾರನದೂ ಇದೇ ದನಿಯಲ್ಲವೇ ಎಂದು ಅವಳಿಗೆ ಹೊಳೆಯಿತು.

ಮರುವರ್ಷ ಗಿಡಗಳ ನಡುವಿನಿಂದ ಎತ್ತರದ ದಂಟುಗಳೆದ್ದು ನಸುನೇರಳೆ ಹೂವು ತುಂಬಿಕೊಂಡವು. ದೇಮಕ್ಕ ಬೆಳಗಿನ ಇಬ್ಬನಿ ಆರಿದ ಮೇಲೆ ಕೆಲವು ದಂಟು ಕೊಯ್ದು, ಕಟ್ಟು ಕಟ್ಟಿ ನಡುಮನೆಯ ತೊಲೆಗೆ ತಲೆಕೆಳಗಾಗಿ ತೂಗುಹಾಕಿದಳು. ಉಳಿದವನ್ನು ಬೀಜಕ್ಕೆ ಬಿಟ್ಟಳು. ಆ ಹೂವಿನ ವಾಸನೆ ಒಳ್ಳೆಯವರಿಗೆ ಕಂಪು, ಮಾಂತ್ರಿಕರಿಗೆ ಉಸಿರುಗಟ್ಟು.

ಅಂದೇ ಮಸುಕಯ್ಯ ದೂರದ ನೆಂಟನ ವೇಷದಲ್ಲಿ ಬಂದ. ದನಿ ಕೇಳಿದ ಕೂಡಲೇ ದೇಮಕ್ಕನಿಗೆ ಗುರುತು ಸಿಕ್ಕಿತು. ಕಾಲಿಗೆ ನೀರು ಕೊಟ್ಟು, ಹೂವಿನ ಕಟ್ಟುಗಳ ಕೆಳಗೇ ಮಣೆ ಹಾಕಿ ಕೂರಿಸಿದಳು.

ಸ್ವಲ್ಪ ಹೊತ್ತಿಗೇ ಅವನ ಮೂಗು ಕೆಂಪಾಯಿತು, ಉಸಿರು ಸಿಕ್ಕಿಕೊಂಡಿತು. ತಡವರಿಸಿ ಹೊಸ್ತಿಲಿಗೆ ಬಂದು “ಬರ್ತೀನಮ್ಮ” ಎಂದ.

“ಬರ್ತೀನಿ ಅಂದ್ರಲ್ಲ, ಈಗ್ಲೇ ಬನ್ನಿ! ಮಜ್ಜಿಗೆನಾದ್ರೂ ಕುಡೀಬೇಕು” ಎಂದಳು ದೇಮಕ್ಕ.

ಹೊಸ್ತಿಲ ಮಾತು ತಾನೇ? ಅವನ ಕಾಲುಗಳು ತಾವಾಗಿಯೇ ತಿರುಗಿ ಒಳಗೆ ಬಂದವು. ಸೀನುತ್ತ ಮತ್ತೆ ಹೊಸ್ತಿಲಿಗೆ ಓಡಿ “ಬರ್ತೀನಿ ತಾಯಿ” ಎಂದ. “ಬನ್ನಿ ಬನ್ನಿ, ಊಟ ಮಾಡ್ದೆ ಕಳಿಸೋದುಂಟೇ?” ಎಂದಳು. ಕಾಲುಗಳು ಮತ್ತೆ ಒಳಕ್ಕೆ ನಡೆದವು. ಉಪಚಾರ ಇಷ್ಟು ಕಷ್ಟ ಕೊಡಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಕೊನೆಗೆ ಕಣ್ಣುಮೂಗಿನಲ್ಲಿ ನೀರು ಸುರಿಸುತ್ತ ಹೊಸ್ತಿಲ ಮೇಲೆ ನಿಂತು, “ಬರಲ್ಲ! ಇನ್ನು ಬರಲ್ಲ! ಹೋಗ್ತೀನಿ, ಹೋಗೇ ಹೋಗ್ತೀನಿ!” ಎಂದು ಕಿರುಚಿದ.

ದೇಮಕ್ಕ ಹುಟ್ಟಿದಾರಭ್ಯ ಮನೆಗೆ ಬಂದವರಿಗೆ ಆಡದ ಮಾತನ್ನು ಅಂದು ಆಡಿದಳು. “ಹೋಗು” ಎಂದಳು. ಅವನು ಹೋದ, ಮತ್ತೆ ಬರಲಿಲ್ಲ.

ಎರಚಿದ ಮಸುಕು ಮಾತ್ರ ಉಳಿದಿತ್ತು. ಬೀಜ ಬಲಿತ ಮೇಲೆ ದೇಮಕ್ಕ ಅವನ್ನು ಉದುರಿಸಿಕೊಂಡು ನೆನೆಹಾಕಿದಳು. ಹೂವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲು ಅವಳ ಕಣ್ಣಿಗೆ, ಆಮೇಲೆ ತನ್ನ ಕಣ್ಣಿಗೆ ಲೋಳೆ ಸವರಿದಳು.

“ಅವ್ವಾ, ನೀನು ಹಿಂಗಿದೀಯಾ!” ಎಂದು ಹೂವಿ ನಕ್ಕಳು.

ಬೆರಳಿಗೆ ಗೊತ್ತಿದ್ದ ಮೂಗು, ಹುಬ್ಬು, ಗಲ್ಲ ಎಲ್ಲ ಇದ್ದಲ್ಲೇ ಇದ್ದವು. ನಕ್ಕಾಗ ಕೆನ್ನೆಯಲ್ಲಿ ಬೀಳುವ ಗುಳಿ ಮಾತ್ರ ದೇಮಕ್ಕನಿಗೆ ಹೊಸದು. ನೀರೆರೆಯುವಾಗ ಹೂವಿ ಯಾವಾಗಲೂ ಅಳುತ್ತಿದ್ದಳಲ್ಲ, ಅದು ಕೈಗೆ ಸಿಗುವುದಾದರೂ ಹೇಗೆ? ದೇಮಕ್ಕ ಆ ಗುಳಿಯನ್ನು ನೋಡಿ ನೋಡಿ ಅತ್ತಳು, ನಕ್ಕಳು.

ಊರೆಲ್ಲ ಬಂದು ಕಣ್ಣು ತಿಳಿಮಾಡಿಕೊಂಡಿತು. ರಾಜ ನಾಚಿಕೊಂಡು ಅಡುಗೆಭಟ್ಟನನ್ನೇ ಮಂತ್ರಿ ಮಾಡಿದ. ಹೊರಟವರ ಕೈಗೆಲ್ಲ ದೇಮಕ್ಕ ಅವರವರ ಹಿತ್ತಿಲಿಗೆಂದು ಒಂದು ಚಿಟಿಕೆ ಬೀಜ ಕೊಟ್ಟಳು. ಮುಂಗುಸಿಯೂ ಸೇರಿ ಎಲ್ಲರೂ ಹೊಸ್ತಿಲಲ್ಲಿ ನಿಂತು “ಬರ್ತೀವಿ ದೇಮಕ್ಕ” ಎಂದರು. ಅವಳು ಒಬ್ಬೊಬ್ಬರ ಮುಖವನ್ನೂ ಕಣ್ತುಂಬ ನೋಡಿ “ಬನ್ನಿ” ಎಂದಳು. ಅವರು ಬರುತ್ತಲೇ ಇದ್ದರು, ಎಲ್ಲರೂ ಸುಖವಾಗಿಯೇ ಇದ್ದರು.