ಒಲೆಯ ಪಕ್ಕದ ಡೋಲು

ಅಂದು ಬೆಳಗ್ಗೆ ನಾನು ದೇವರ ಮುಂದೆ ಕೂತಿದ್ದೆ. ಹಜಾರದಲ್ಲಿ ಫೋನು ಬಡಿದುಕೊಂಡಿತು. ಮಗಳು ಎತ್ತಿದಳು. ಒಂದೆರಡು ಮಾತಾಡಿ, ಆಮೇಲೆ ಬರೀ ಕೇಳುತ್ತ ನಿಂತಳು. ಅನಂತರ ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ಒಲೆಯ ಮೇಲಿದ್ದ ತರಕಾರಿ ಇನ್ನೂ ಅರೆಬೆಂದಿತ್ತು. ನಮ್ಮ ಮನೆಯಲ್ಲಿ ಅರ್ಧ ಬೆಂದ ಪಾತ್ರೆಯ ಕೆಳಗೆ ಯಾರೂ ಬೆಂಕಿ ಆರಿಸುವುದಿಲ್ಲ. ಅವಳು ಬಂದು ನನ್ನ ಪಕ್ಕದಲ್ಲಿ ಕೂರುವ ಮೊದಲೇ ನನಗೆ ತಿಳಿದುಹೋಯಿತು.

ನಮ್ಮವರು ಹಿಂದಿನ ದಿನ ಬೇರೊಂದು ಊರಿನ ಸಂಗೀತ ಸಭಾಂಗಣಕ್ಕೆ ವಾದ್ಯಗಳನ್ನು ಸರಿಮಾಡಿಕೊಡಲು ಹೋಗಿದ್ದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮಗಳು ಗೊಣಗಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೆ ತಮಗೆ ವಯಸ್ಸೇ ಆಗುವುದಿಲ್ಲವೆಂದು ನಕ್ಕು ಹೊರಟಿದ್ದರು. ಕೆಲಸ ಮುಗಿಸಿ, ಕೈ ತೊಳೆದುಕೊಂಡು, ಬೆಂಚಿನ ಮೇಲೆ ಒರಗಿದವರು ಮತ್ತೆ ಏಳಲಿಲ್ಲವಂತೆ. ನೋವೆಂದು ಒಂದು ಮಾತೂ ಆಡಲಿಲ್ಲ ಎಂದು ಅಲ್ಲಿಯ ಕಾವಲುಗಾರ ಹೇಳಿದನಂತೆ. ಅದು ನಿಜವೇ ಇರಬೇಕು. ತಮ್ಮ ವಿಷಯಕ್ಕೆ ಬೇರೆಯವರನ್ನು ಎಬ್ಬಿಸುವ ಸ್ವಭಾವ ಅವರದಲ್ಲ.

ಮನೆಗೆ ಬಂದವರೆಲ್ಲ ಅವರ ಕೆಲಸವನ್ನು ನೆನೆದರು. ಎಂಥ ಕಿವಿ, ಎಂಥ ಕೈ, ಇಷ್ಟು ವರ್ಷಗಳಲ್ಲಿ ಅವರ ಕೈಯಿಂದ ಒಂದೇ ಒಂದು ವಾದ್ಯವೂ ಹಾಳಾಗಲಿಲ್ಲ ಎಂದರು. ನಾನು ತಲೆಯಾಡಿಸಿದೆ.

ಒಂದು ಹಾಳಾಗಿತ್ತು. ಅದು ಹಾಳಾದದ್ದರಿಂದಲೇ ನಾನು ಅವರ ಹೆಂಡತಿಯಾದೆ.

ನಾನು ಬಸ್ಸಿನಲ್ಲಿ ಬೆಳೆದವಳು. ನಮ್ಮ ದೊಡ್ಡಪ್ಪ ಒಂದು ಸಂಗೀತ ತಂಡ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ತಾನೇ ದೊಡ್ಡ ಡೋಲು ನುಡಿಸುತ್ತಿದ್ದ. ಅಪ್ಪ ಇಲ್ಲದ ನನ್ನನ್ನೂ ನನ್ನ ಅಮ್ಮನನ್ನೂ ಅವನೇ ಸಾಕಿದ. ತಂಡಕ್ಕೆ ಅಮ್ಮ ಅಡುಗೆ ಮಾಡುತ್ತಿದ್ದಳು. ಅವಳು ತೀರಿಹೋದ ಮೇಲೆ ಸೌಟು ನನ್ನ ಕೈಗೆ ಬಂತು. ಆಗ ನಾನಿನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಹುಡುಗಿ.

ಊರು ಸುತ್ತುವವರು ಬಹಳ ನೋಡಿರುತ್ತಾರೆಂದು ಜನ ತಿಳಿಯುತ್ತಾರೆ. ನಾನು ಹೆಚ್ಚಾಗಿ ನೋಡಿದ್ದು ಸಭಾಂಗಣಗಳ ಹಿಂಬಾಗಿಲನ್ನು. ಊರುಗಳನ್ನು ನಾನು ಅಲ್ಲಿಯ ನೀರಿನಿಂದ ಗುರುತಿಡುತ್ತಿದ್ದೆ. ಇಲ್ಲಿ ಬೇಳೆ ಬೇಗ ಬೇಯುತ್ತದೆ, ಅಲ್ಲಿ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಇಲ್ಲಿ ಹಿಟ್ಟು ಹಿಗ್ಗುತ್ತದೆ, ಅಲ್ಲಿ ಮುನಿಸಿಕೊಂಡು ಕೂರುತ್ತದೆ. ಆದರೂ ಆ ಬಸ್ಸು ನನಗೆ ಇಷ್ಟವಾಗಿತ್ತು. ಬೆಳಗಾದರೆ ಹೊಸ ಊರು ಎಂಬುದು ಒಂದು ಸುಖ.

ಒಂದು ವರ್ಷ ತೇವದ ಹವೆ ಶುರುವಾದಾಗ ದೊಡ್ಡಪ್ಪ ವಾದ್ಯಗಳನ್ನು ನೋಡಿಕೊಳ್ಳಲು ಹೊಸಬರೊಬ್ಬರನ್ನು ಕರೆತಂದ. ಆ ಒಂದು ತಿರುಗಾಟಕ್ಕೆ ಮಾತ್ರ. ಹಾದಿಯ ಕೊನೆಯ ಊರು ಅವರದೇ. ಅಲ್ಲಿ ಅವರದೊಂದು ಸಣ್ಣ ವಾದ್ಯದಂಗಡಿ ಇತ್ತು. ಅಲ್ಲಿ ಇಳಿದುಕೊಳ್ಳುವುದೆಂದು ಮಾತಾಗಿತ್ತು. ತಂತಿಯ ಮೇಲೆ ನೊಣ ಕೂತರೂ ಅವರಿಗೆ ಕೇಳಿಸುತ್ತದೆ ಎಂದು ತಂಡದವರು ಅವರಿಗೆ ಕಿವಿರಾಯರು ಎಂದು ಹೆಸರಿಟ್ಟರು.

ಮೊದಲ ಸಂಜೆಯೇ ಅವರು ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ನನ್ನ ದೊಡ್ಡ ಪಾತ್ರೆಯನ್ನು ನೋಡಿ ಕೇಳಿದರು.

"ಇದಕ್ಕೆ ಮುಚ್ಚಳ ಇಲ್ವಾ?"

ನನ್ನ ಅಡುಗೆಯ ಶುಚಿಯನ್ನು ಪರೀಕ್ಷೆ ಮಾಡಲು ಬಂದಿದ್ದಾರೆಂದು ನನಗೆ ಮೈಯೆಲ್ಲ ಉರಿಯಿತು.

"ಇದೆ. ನಿಮ್ಮ ಬಾಯಿಗೆ?"

ಅವರು ಕೋಪಿಸಿಕೊಳ್ಳಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು. ನನ್ನ ಪಾತ್ರೆಯ ಹಬೆ ಪರದೆಯ ಸಂದಿಯಿಂದ ವೇದಿಕೆಗೆ ಹೋಗುತ್ತಿದೆ, ಅದರಿಂದ ಡೋಲುಗಳ ಚರ್ಮ ಸಡಿಲವಾಗಿ ದನಿ ಬಿದ್ದುಹೋಗುತ್ತಿದೆ ಎಂದು ತಗ್ಗಿದ ದನಿಯಲ್ಲಿ ವಿವರಿಸಿದರು. ನಾನು ಮುಚ್ಚಳ ಹಾಕಿದೆ. ಬೇಕೆಂದೇ ಸ್ವಲ್ಪ ಜೋರಾಗಿ ಹಾಕಿದೆ. ಅವರು ಕಣ್ಣು ಮುಚ್ಚಿ, ಆ ಸದ್ದು ಮುಗಿಯುವ ತನಕ ನಿಂತು, ಹೋದರು.

ಮಾರನೆಯ ಸಂಜೆ ದೊಡ್ಡ ಡೋಲನ್ನು ಎದೆಗವಚಿಕೊಂಡು ಮತ್ತೆ ಬಂದರು. ಸಡಿಲವಾದ ಚರ್ಮವನ್ನು ಬೆಂಕಿಯ ಹತ್ತಿರ ಹಿಡಿದು ಬಿಗಿ ಮಾಡಬೇಕಂತೆ. ಇಡೀ ಕಟ್ಟಡದಲ್ಲಿ ಬೆಂಕಿ ಇದ್ದದ್ದು ನನ್ನ ಒಲೆಯಲ್ಲಿ ಮಾತ್ರ.

"ನಿನ್ನೆ ನನ್ನ ಹಬೆ ಬೇಡ ಅಂದ್ರಿ. ಇವತ್ತು ನನ್ನ ಬೆಂಕಿ ಬೇಕಾ?" ಎಂದೆ.

"ಹೌದು," ಎಂದರು. ಅದರಲ್ಲಿ ಒಂದಿಷ್ಟೂ ನಾಟಕವಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಎಲ್ಲ ಊರುಗಳಲ್ಲೂ ಸಂಜೆಯ ಹೊತ್ತಿಗೆ ಒಲೆಯ ಒಂದು ಪಕ್ಕ ಡೋಲು, ಇನ್ನೊಂದು ಪಕ್ಕ ನಾನು, ನಡುವೆ ಮಣೆಯ ಮೇಲೆ ಅವರು. ಡೋಲನ್ನು ಆಗಾಗ ತಿರುಗಿಸಿ ಉಗುರಿನಿಂದ ಮುಟ್ಟಿ ನೋಡುತ್ತಿದ್ದರು. ದನಿ ಮೆಲ್ಲಗೆ ಮೇಲೇರುತ್ತಿತ್ತು. ಬೇಕಾದ ಜಾಗಕ್ಕೆ ಬಂದೊಡನೆ ಎತ್ತಿಬಿಡಬೇಕು. ಒಂದು ಗಳಿಗೆ ಹೆಚ್ಚಾದರೆ ಒಣಗಿದ ಚರ್ಮ ಸಿಡಿದುಹೋಗುತ್ತದೆ ಎಂದು ಹೇಳಿಕೊಟ್ಟರು.

ನಾನು ಒಲೆಯೊಳಗೆ ಬ್ರೆಡ್ಡು ಬೇಯಿಸಿ ತೆಗೆದರೆ ಅದರ ತಳವನ್ನೂ ಬೆರಳಿನಿಂದ ತಟ್ಟಿ ಕೇಳುತ್ತಿದ್ದರು. ಇನ್ನೂ ಸ್ವಲ್ಪ ಬೇಯಬೇಕು ಎನ್ನುತ್ತಿದ್ದರು. ಒಲೆ ನನ್ನದು, ತೀರ್ಪು ನಿಮ್ಮದಾ ಎಂದು ಜಗಳ ತೆಗೆಯುತ್ತಿದ್ದೆ. ಅವರು ಹೋದ ಮೇಲೆ ಬ್ರೆಡ್ಡನ್ನು ಮತ್ತೆ ಒಳಗಿಡುತ್ತಿದ್ದೆ. ಅವರು ಹೇಳಿದ್ದು ಸರಿಯಿರುತ್ತಿತ್ತು. ಅದನ್ನು ಮಾತ್ರ ನಾನು ಒಪ್ಪಿಕೊಂಡವಳಲ್ಲ.

ನನಗೊಂದು ಚಟವಿತ್ತು. ನಾದುವ ಹಲಗೆಯ ಮೇಲೆ ಹಿಟ್ಟು ಹರಡಿ, ಅದರಲ್ಲಿ ಬೆರಳಿನಿಂದ ಚಿತ್ರ ಬರೆಯುತ್ತಿದ್ದೆ. ಬೆಳಗ್ಗೆ ಕಂಡ ಸೇತುವೆ, ಒಂದು ಗಡಿಯಾರದ ಗೋಪುರ, ಟಿಕೆಟ್ಟಿನ ಸಾಲಿನಲ್ಲಿ ಆಕಳಿಸುತ್ತಿದ್ದ ಮುದುಕ. ಆಮೇಲೆ ನೀರು ಸುರಿದು ನಾದಿಬಿಡುತ್ತಿದ್ದೆ. ಯಾರೂ ಅದನ್ನು ಗಮನಿಸಿರಲಿಲ್ಲ. ಅವರು ಎದುರಿಗೆ ಕೂತು, ತಲೆಕೆಳಗಾಗಿ ಕಾಣುವ ಚಿತ್ರವನ್ನು ಕತ್ತು ವಾಲಿಸಿ ನೋಡುತ್ತಿದ್ದರು. ಇದು ಯಾರಿಗಾಗಿ ಎಂದು ಒಮ್ಮೆ ಕೇಳಿದರು. ಬ್ರೆಡ್ಡಿಗಾಗಿ ಎಂದೆ. ಹಾಗಾದರೆ ಅಳಿಸುವ ಮೊದಲು ನನಗೊಂದು ಮಾತು ಹೇಳಿ ಎಂದರು.

ಆಮೇಲೆ ನೀರಿನ ತಂಬಿಗೆ ಎತ್ತುವ ಮೊದಲು ಅವರ ಮುಖ ನೋಡುವುದು ನನಗೆ ಅಭ್ಯಾಸವಾಯಿತು. ಅವರು ಚಿತ್ರ ನೋಡಿ ಮುಗಿಸಿ ಕಣ್ಣೆತ್ತುತ್ತಿದ್ದರು. ಆ ಕಣ್ಣು ನನ್ನ ಕಣ್ಣಿನ ಹತ್ತಿರ ಒಂದು ಕ್ಷಣ ನಿಂತು, ದಾರಿ ತಪ್ಪಿದವರ ಹಾಗೆ ಒಲೆಯ ಕಡೆ ಹೋಗುತ್ತಿತ್ತು. ಆ ಒಂದು ಕ್ಷಣಕ್ಕಾಗಿ ನಾನು ಹಗಲೆಲ್ಲ ಹೊಸ ಚಿತ್ರ ಹುಡುಕುತ್ತಿದ್ದೆ.

ತಂಡದಲ್ಲಿ ಹಾಡುತ್ತಿದ್ದ ಅತ್ತೆಯ ಕಣ್ಣಿಗೆ ಇದೆಲ್ಲ ಬೀಳದೆ ಇರಲಿಲ್ಲ. ಡೋಲು ಕಾಯುವುದಕ್ಕೆ ಮೊದಲೇ ಯಾರೋ ಕಾದು ಕೆಂಪಾಗಿರುತ್ತಾರೆ ಎಂದು ಎಲ್ಲರ ಮುಂದೆ ಚುಚ್ಚುತ್ತಿದ್ದಳು. ಆದರೆ ದಿನಗಳು ಸರಿದ ಹಾಗೆ ಅವಳಿಗೂ ತಾಳ್ಮೆ ತಪ್ಪಿತು. ಕೊನೆಯ ಊರಿಗೆ ಇನ್ನೊಂದೇ ಊರು ಉಳಿದಾಗ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಗದರಿದಳು.

"ಕಿವಿ ಇರೋನಿಗೆ ಬಾಯಿಲ್ಲ. ಬಾಯಿ ಇರೋಳಿಗೆ ಧೈರ್ಯ ಇಲ್ಲ. ಅವನು ಇಳಿದು ಹೋದ ಮೇಲೆ ನನ್ನ ಹೆಗಲಿಗೆ ಬಂದು ಅಳಬೇಡ, ಹೇಳಿದೀನಿ."

ಅವಳು ಹೇಳಿದ್ದು ನಿಜ. ಅವರು ಇಳಿದು ಹೋಗುವವರು. ತಮ್ಮ ಮನಸ್ಸಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನಾಗಿ ಕೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಅಂದು ಸಂಜೆ ನನ್ನ ಬೆರಳು ಹಿಟ್ಟಿನಲ್ಲಿ ತಾನಾಗಿಯೇ ಒಂದು ಕಿಟಕಿಯನ್ನು ಬರೆಯಿತು. ಚಿಕ್ಕ ಕಿಟಕಿ, ಮುರಿದ ಬಾಗಿಲು. ಯಾವ ಊರಿನದು ಎಂದು ಅವರು ಕೇಳಿದರು. ನಾನು ತಂಬಿಗೆಗೆ ಕೈ ಹಾಕಲಿಲ್ಲ.

ಅದು ಅಮ್ಮ ಮಲಗಿದ್ದ ಕೋಣೆಯ ಕಿಟಕಿ ಎಂದೆ. ಹಾದಿಯಲ್ಲಿ ಜ್ವರ ಬಂದು, ಅಲ್ಲೇ ಹೋಗಿಬಿಟ್ಟಳು. ಬೆಳಗ್ಗೆ ಅವಳನ್ನು ಆ ಊರಿನಲ್ಲೇ ಮಣ್ಣು ಮಾಡಿದೆವು. ಮುಂದಿನ ಊರಿನಲ್ಲಿ ಟಿಕೆಟ್ಟು ಮಾರಿಯಾಗಿತ್ತು. ಮಧ್ಯಾಹ್ನವೇ ಬಸ್ಸು ಹೊರಟಿತು. ಸಂಜೆ ಅಷ್ಟು ಜನರಿಗೆ ನಾನೇ ಅಡುಗೆ ಮಾಡಿದೆ. ಎಲ್ಲರೂ ಉಂಡರು. ಅಮ್ಮನ ಕೈರುಚಿಯೇ ಬಂದಿದೆ ಎಂದು ಹೊಗಳಿದರು. ಹೊಗಳಿದ ಮೇಲೆ ಅಳುವುದು ಹೇಗೆ? ಆ ಊರಿಗೆ ತಂಡ ಮತ್ತೆ ಹೋಗಲೇ ಇಲ್ಲ. ಈಗ ನೆನಪಿಗೆ ಕಿಟಕಿ ಬರುತ್ತದೆ, ಅಮ್ಮನ ಮುಖ ಸರಿಯಾಗಿ ಬರುವುದಿಲ್ಲ.

ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಹೇಳುತ್ತ ಹೇಳುತ್ತ ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಅವರು ಮಣೆಯ ಮೇಲೆ ಅಲುಗಾಡದೆ ಕೂತಿದ್ದರು. ನನ್ನ ಮಾತು ಮುಗಿಯುವ ಹೊತ್ತಿಗೆ ಬಂದೂಕು ಹಾರಿದಂತೆ ಸದ್ದಾಯಿತು.

ಡೋಲಿನ ಚರ್ಮ ನಡುವೆ ಸೀಳಿತ್ತು.

ವೇದಿಕೆಯಲ್ಲಿದ್ದವರೆಲ್ಲ ಓಡಿಬಂದರು. ದೊಡ್ಡಪ್ಪ ಡೋಲಿನ ಮುಂದೆ ಕುಕ್ಕರಿಸಿ, ಸೀಳಿನ ಮೇಲೆ ಕೈಯಾಡಿಸಿದ. ಅದು ಅವನ ಅಪ್ಪ ನುಡಿಸಿದ ಡೋಲು. ಹೊರಗೆ ಜನ ಬಂದು ಕೂರತೊಡಗಿದ್ದರು. ದೊಡ್ಡಪ್ಪ ತಲೆಯೆತ್ತಿ ಕಿವಿರಾಯರನ್ನು ಕೇಳಿದ.

"ನಿನಗೆ ಕೇಳಿಸಲಿಲ್ವಾ?"

ಅಲ್ಲಿದ್ದವರಿಗೆಲ್ಲ ಆ ಪ್ರಶ್ನೆಯ ಭಾರ ಗೊತ್ತಿತ್ತು. ಕೇಳಿಸಲಿಲ್ಲ ಎಂದರೆ ಆ ಕಿವಿಯನ್ನು ನಂಬಿ ಮುಂದೆ ಯಾರೂ ವಾದ್ಯ ಕೊಡುವುದಿಲ್ಲ. ಕೇಳಿಸಿತು ಎಂದರೆ ಅದಕ್ಕಿಂತ ದೊಡ್ಡ ತಪ್ಪು. ನಾನೇ ಅವರನ್ನು ನೀರು ತರಲು ಕಳಿಸಿದ್ದೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿ, ಬೇಡ ಎಂಬಂತೆ ತಲೆಯಾಡಿಸಿದರು.

"ಕೇಳಿಸ್ತು, ಯಜಮಾನರೇ."

"ಏನು ಕೇಳಿಸ್ತು?"

"ಚರ್ಮ ಬಿಗಿಯಾಗ್ತಾ ಬಂದಿದ್ದು. ಆಗಲೇ ಎತ್ತಬೇಕಿತ್ತು."

"ಮತ್ತೆ?"

"ಎತ್ತೋಕೆ ಏಳಬೇಕಿತ್ತು. ಇವರು ಅಮ್ಮನ ವಿಷಯ ಹೇಳ್ತಾ ಇದ್ದರು. ನಾನು ಎದ್ದಿದ್ದರೆ ಮಾತು ಅಲ್ಲೇ ನಿಂತುಹೋಗ್ತಿತ್ತು. ಮತ್ತೆ ಅವರು ಹೇಳ್ತಿರಲಿಲ್ಲ." ಸೀಳಿದ ಚರ್ಮದ ಕಡೆ ಕೈ ತೋರಿಸಿದರು. "ಡೋಲಿಗೆ ಬೇರೆ ಚರ್ಮ ಹಾಕಬಹುದು."

ಅತ್ತೆ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡಪ್ಪ ಹಲಗೆಯ ಮೇಲಿನ ಕಿಟಕಿಯನ್ನು ನೋಡಿದ. ಅವನಿಗೂ ಅದರ ಗುರುತು ಸಿಕ್ಕಿತು. ಅಂದು ಬಸ್ಸು ಹೊರಡಿಸಿದವನು ಅವನೇ. ಬಹಳ ಹೊತ್ತು ಹಿಟ್ಟಿನ ಮೂಟೆಯ ಮೇಲೆ ಕೂತಿದ್ದು, ಆಮೇಲೆ ಎದ್ದ.

"ನನ್ನ ತಂಡಕ್ಕೆ ಇವನು ಆಗೋದಿಲ್ಲ. ಕೇಳಿಸಿದ ಮೇಲೂ ಕೂತಿರೋನ ಕೈಗೆ ನಾನು ವಾದ್ಯ ಕೊಡಲ್ಲ. ನಾಳೆ ಬಸ್ಸು ಹತ್ತೋದು ಬೇಡ." ಬಾಗಿಲವರೆಗೆ ಹೋಗಿ, ನನ್ನ ಕಡೆ ತಿರುಗದೆಯೇ ಹೇಳಿದ. "ಬೇರೆ ಯಾತಕ್ಕಾದರೂ ಆಗ್ತಾನಾ ಅಂತ ನೀನೇ ಯೋಚನೆ ಮಾಡು, ಮಗಳೇ."

ಅಂದಿನ ಕಾರ್ಯಕ್ರಮ ಚಿಕ್ಕ ಡೋಲಿನಲ್ಲೇ ನಡೆಯಿತು. ನಾನು ಎಲ್ಲರಿಗೂ ಬಡಿಸಿದೆ. ಏನು ಬಡಿಸಿದೆನೋ ದೇವರೇ ಬಲ್ಲ.

ಬೆಳಗ್ಗೆ ಅವರು ಉಪಕರಣಗಳ ಚೀಲ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದರು. ಬಸ್ಸಿಗೆ ಸಾಮಾನು ಏರುತ್ತಿತ್ತು. ನಾನು ಬಸ್ಸನ್ನು ನೋಡಿದೆ. ನಾನು ನಡೆಯಲು ಕಲಿತದ್ದು ಅದರ ಸೀಟುಗಳ ನಡುವೆ. ನಾನು ಹತ್ತದೆ ಅದು ಎಂದೂ ಹೊರಟಿರಲಿಲ್ಲ.

"ನಾನು ಒಂದೇ ಊರಲ್ಲಿ ಬದುಕೋನು," ಎಂದರು ಅವರು. "ಅಂಗಡಿ, ಅದರ ಹಿಂದೆ ಎರಡು ಕೋಣೆ. ನಿಮಗೆ ಬೇಜಾರಾಗಬಹುದು."

"ಬೇಜಾರಾದರೆ ಹೇಳ್ತೀನಿ. ಕೇಳೋಕೆ ನೀವಿದ್ದೀರಲ್ಲ."

ಅವರ ಕಿವಿಯ ತುದಿ ಮತ್ತೆ ಕೆಂಪಾಯಿತು. ಅವರು ನಕ್ಕಾಗ ಎಡಗೆನ್ನೆಯಲ್ಲಿ ಒಂದು ಗೆರೆ ಮೂಡುತ್ತದೆ ಎಂಬುದನ್ನು ನಾನು ಆಗ ಮೊದಲು ಕಂಡೆ.

ಅತ್ತೆ ಅತ್ತಳು, ಬೈದಳು, ಇನ್ನು ಮೇಲೆ ಈ ಗಂಡಸರು ಬೇಯಿಸಿದ್ದನ್ನು ತಿಂದು ತನ್ನ ದನಿ ಹೋದರೆ ಯಾರು ಹೊಣೆ ಎಂದು ಕೇಳಿದಳು. ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಅವರಿಗೆ ಮಾತ್ರ ಒಂದು ಮಾತು ಹೇಳಿದ: ಅಳಿಯನಾದವನು ಬಂದು ಡೋಲಿಗೆ ಹೊಸ ಚರ್ಮ ಹಾಕಿಕೊಡಬೇಕು. ಅದನ್ನು ಅವರು ನಡೆಸಿದರು.

ಮದುವೆಯಾದ ಮೇಲೆ ನಾವು ನೇರವಾಗಿ ಅಂಗಡಿಯ ಮನೆಗೆ ಹೋಗಲಿಲ್ಲ. ಎರಡು ಬಸ್ಸು ಬದಲಾಯಿಸಿ ಅಮ್ಮನನ್ನು ಮಣ್ಣು ಮಾಡಿದ ಊರಿಗೆ ಹೋದೆವು. ನಾನು ಕೇಳಿರಲಿಲ್ಲ, ಟಿಕೆಟ್ಟು ಅವರೇ ತೆಗೆದಿದ್ದರು. ಅಮ್ಮನನ್ನು ಇಟ್ಟ ಜಾಗದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ನಾನು ಕೂತು, ಅಷ್ಟು ವರ್ಷ ಬಾಕಿಯಿದ್ದ ಅಳುವನ್ನೆಲ್ಲ ಅತ್ತೆ. ಅವರು ಸಾಕು ಎನ್ನಲಿಲ್ಲ, ಬಸ್ಸಿಗೆ ಹೊತ್ತಾಯಿತೆನ್ನಲಿಲ್ಲ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಆ ರಾತ್ರಿ ಅಲ್ಲೇ ಉಳಿದೆವು. ಅಮ್ಮನ ಮುಖ ಆ ದಿನ ನನಗೆ ಪೂರ್ತಿಯಾಗಿ ನೆನಪಾಯಿತು.

ಪ್ರೀತಿಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ನನಗೆ ತಿಳಿದದ್ದು ಇಷ್ಟೇ: ಏಳಬೇಕಾದ ಹೊತ್ತಿನಲ್ಲಿ ಒಬ್ಬರು ಏಳದೆ ನನ್ನ ಮುಂದೆ ಕೂತಿದ್ದರು.

ಈಗ ಅವರಿಲ್ಲ. ಮಗಳು ಮಂಚದ ಪಕ್ಕ ಹಾಸಿಗೆ ಹಾಸಿಕೊಂಡು ಮಲಗುತ್ತಾಳೆ. ಮಾತು ಬಾಯಿಗೆ ಬರುತ್ತದೆ, ಆಮೇಲೆ ಯಾರಿಗೆ ಹೇಳುವುದೆಂದು ತಿಳಿಯದೆ ನಿಲ್ಲುತ್ತದೆ. ಆಗ ಎದ್ದು ದೇವರ ಮುಂದೆ ಕೂರುತ್ತೇನೆ. ನನಗಾಗಿ ಏನನ್ನೂ ಕೇಳುವುದಿಲ್ಲ.

ಭಗವಂತ, ನಮ್ಮವರು ನಿನ್ನ ಮನೆಗೆ ಬಂದಿದ್ದಾರೆ. ಹೊಸ ಜಾಗದಲ್ಲಿ ಅವರು ಬಾಗಿಲ ಹತ್ತಿರವೇ ನಿಲ್ಲುತ್ತಾರೆ. ಕೈ ಹಿಡಿದು ಒಳಗೆ ಕರೆದುಕೋ. ತಟ್ಟೆಯಲ್ಲಿದ್ದದ್ದು ಮುಗಿದರೂ ಇನ್ನಷ್ಟು ಬೇಕೆಂದು ಬಾಯಿಬಿಟ್ಟು ಕೇಳುವವರಲ್ಲ. ನೀನೇ ನೋಡಿ ಬಡಿಸು. ದುಡಿದು ದಣಿದ ಜೀವ, ಚೆನ್ನಾಗಿ ನಿದ್ದೆ ಮಾಡಲಿ. ಅವರ ಆತ್ಮಕ್ಕೆ ಶಾಂತಿ ಕೊಡು, ತಂದೆ.