ಬೆಕ್ಕಿಗೆ ತೊಡಿಸಿದ ರವಿಕೆ ಬಟ್ಟೆ

"ಇದನ್ನ... ಬೆಕ್ಕಿಗೆ ಆಕಿದ್ಯಾ?"

ಭೂಪತಿ ಹೊಸ್ತಿಲಲ್ಲೇ ನಿಂತುಬಿಟ್ಟ. ಜಯಪ್ರಿಯಾ ಹೆಮ್ಮೆಯಿಂದ ತನ್ನ ಬೆಕ್ಕು ಮುದ್ದಿಯನ್ನು ಎತ್ತಿ ತೋರಿಸಿದಳು.

"ಎಂಗೈತೆ ಮಾಮಾ? ಕಾಲಿಗೆ ತೂತು, ಬೆನ್ನ ಮ್ಯಾಲೆ ಗಂಟು. ಇನ್ನ ಗಾಯದ ಒಲಿಗೆ ನೆಕ್ಕಕ್ಕಾಗಲ್ಲ."

ಮುದ್ದಿಗೆ ಮರಿಯಾಗದ ಹಾಗೆ ಮೊನ್ನೆಯಷ್ಟೇ ಆಪರೇಶನ್ ಆಗಿತ್ತು. ಡಾಕ್ಟರ್ ಹಾಕಿದ್ದ ಪ್ಲಾಸ್ಟಿಕ್ ಕಾಲರನ್ನು ಮನೆಗೆ ಬಂದ ಕೂಡಲೇ ಕಿತ್ತೆಸೆದಿತ್ತು. ಹೊಲಿಗೆ ಬಿಚ್ಚಿಕೊಂಡರೆ ಜೀವಕ್ಕೇ ಕುತ್ತು. ಹೆದರಿದ ಜಯಾ, ತಮಿಳು ಸೀಮೆಯ ಗುಗೈ ಪೇಟೆಯಲ್ಲಿ ತಮ್ಮದೇ ನೇಕಾರರ ಬೀದಿಯಲ್ಲಿದ್ದ ಸೋದರಮಾವನ ಮಗ ಭೂಪತಿಯನ್ನು ಒಂದು ತುಂಡು ಬಟ್ಟೆ ಕೇಳಿದ್ದಳು. ಅದೇ ಸಂಜೆ ಅಮ್ಮ ಚೆಲ್ಲಮ್ಮ "ಭೂಪತಿ ಕೊಟ್ಟ" ಎಂದು ಒಂದು ಪೊಟ್ಟಣ ಇಟ್ಟಳು. ಕೇಳಿದ್ದು ತುಂಡು, ಬಂದದ್ದೂ ತುಂಡು. ಜಯಾ ಕತ್ತರಿ ಹಾಕಿದಳು.

ಭೂಪತಿಯ ಮುಖ ಬಾಡಿತು.

"ಗಂಟು ಸಡ್ಲ ಐತೆ. ಬಿಗಿಯಾಗಿ ಕಟ್ಟು" ಎಂದಷ್ಟೇ ಹೇಳಿ, ಕೈಯಲ್ಲಿದ್ದ ಹಳೇ ವೇಷ್ಟಿ ಪಂಚೆಯ ತುಂಡನ್ನು ಜಗಲಿಯ ಮೇಲಿಟ್ಟು ಹೊರಟುಹೋದ.

ಬೆಕ್ಕಿಗೆ ತಂದದ್ದು ಇದಾದರೆ... ಮೊನ್ನೆ ಕೊಟ್ಟದ್ದು ಏನು?

ಒಳಗಿಂದ ಬಂದ ಚೆಲ್ಲಮ್ಮ ಬೆಕ್ಕನ್ನು ನೋಡಿ ತಲೆ ಚಚ್ಚಿಕೊಂಡಳು.

"ಅದು ನಿಂಗೆ ನೆಯ್ದಿದ್ದು ಕಣೇ! ಸೀರೆ ಮುಗ್ದು ಮಗ್ಗದ ಮ್ಯಾಲೆ ಮಿಕ್ಕ ಆಸು ನೂಲಲ್ಲಿ ರವಿಕೆಗೆ ಅಂತ ನೆಯ್ದವ್ನೆ. 'ನನ್ನ ಕಟ್ಕೊಳ್ಳಕ್ಕೆ ಇಷ್ಟ ಇದ್ರೆ ರವಿಕೆ ಒಲಿಸಿ ಆಕ್ಕೊಳ್ಳಲಿ, ಇಲ್ಲಾಂದ್ರೆ ವಾಪಸ್ ಕೊಡ್ಲಿ, ಪರವಾಯಿಲ್ಲೆ ಅತ್ತೆ' ಅಂದಿದ್ದ. ನಿಂಗೆ ಅವ್ನೇ ಏಳಿರ್ತಾನೆ ಅಂದ್ಕೊಂಡೆ."

ಜಯಾ ಮುದ್ದಿಯನ್ನು ಮಡಿಲಿಗೆ ಎಳೆದುಕೊಂಡಳು. ವಾಪಸ್ ಕೊಟ್ಟಿದ್ದರೂ ಅವನಿಗೆ ಮರ್ಯಾದೆ ಉಳಿಯುತ್ತಿತ್ತು. ತಾನು ಅದನ್ನು ಕತ್ತರಿಸಿ, ಬೆಕ್ಕಿಗೆ ತೊಡಿಸಿ, 'ಎಂಗೈತೆ' ಎಂದು ಅವನನ್ನೇ ಕೇಳಿದ್ದಳು!

ಈಗ ಸರಿಯಾಗಿ ನೋಡಿದಳು. ಎಳೆ ಎಳೆಯೂ ಒಂದೇ ಸಮ, ಅಂಚಿನಲ್ಲಿ ಅವಳಿಗಿಷ್ಟವಾದ ಮಾವಿನ ಚಿಗುರಿನ ಬಣ್ಣ. ಮಗ್ಗದ ಸದ್ದಿನಲ್ಲೇ ಬೆಳೆದವಳಿಗೆ ಇದು ಕಾಣಲಿಲ್ಲವಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಬಟ್ಟೆಯ ವಿಷಯದಲ್ಲೂ ಹಾಗೇ ಆಯಿತು, ಭೂಪತಿಯ ವಿಷಯದಲ್ಲೂ ಹಾಗೇ ಆಯಿತು. ನಾಚಿಕೆಯಿಂದ ಅವಳಿಗೆ ಅಳು ಬಂತು.

ಅವನ ಮನೆಗೆ ಹೋಗಲೇಬೇಕು. ಗಂಟು ಸಡಿಲ, ಮುದ್ದಿಯನ್ನು ಬಿಟ್ಟು ಹೋದರೆ ಗಾಯ ನೆಕ್ಕುತ್ತೆ, ಅಮ್ಮ ಬೆಕ್ಕನ್ನು ಮುಟ್ಟುವವಳಲ್ಲ. ಎತ್ತಿಕೊಂಡು, ಮೇಲೆ ದುಪಟ್ಟಾ ಮುಚ್ಚಿ ಹೊರಟಳು. ಮುದ್ದಿ ಉಸಿರುಗಟ್ಟಿ ಕೊಸರಾಡಿತು. ಬೇರೆ ದಾರಿಯಿಲ್ಲದೆ ದುಪಟ್ಟಾ ತೆಗೆದಳು.

ನೇಕಾರರ ಬೀದಿಯಲ್ಲಿ ಯಾರ ಕೈ ನೇಯ್ಗೆ ಎಂದು ಕಣ್ಣಲ್ಲೇ ಹೇಳುವ ಜನ. ನೂಲು ಸುತ್ತುತ್ತಿದ್ದ ಮೇನಕಾ ಕೂಗಿದಳು.

"ಭೂಪತಿ ನೆಯ್ದಿದ್ದಲ್ವಾ ಅದು? ಬೆಕ್ಕಿಗಾ?"

ಪಕ್ಕದ ಹೆಂಗಸರೆಲ್ಲ ನಕ್ಕರು.

"ಊಂ ಅಕ್ಕಾ. ತಪ್ಪು ನಂದೇ" ಎಂದಳು ಜಯಾ. ಓಡಿಹೋಗೋಣ ಅನಿಸಿತು, ಆದರೆ ಬೆಕ್ಕಿನ ಹೊಲಿಗೆ ಎಳೆದೀತೆಂದು ಮೆಲ್ಲಗೇ ನಡೆದಳು.

ಭೂಪತಿ ಮಗ್ಗದಲ್ಲಿ ಕೂತಿದ್ದ. ಲಾಳಿ ಕೈಯಲ್ಲೇ ಇತ್ತು, ನೇಯುತ್ತಿರಲಿಲ್ಲ.

"ಮನ್ನಿಚ್ಚಿಡು ಮಾಮಾ" ಎಂದಳು. ಕ್ಷಮಿಸು ಎನ್ನಲು ಹೋದರೆ ನಾಚಿಕೆಗೆ ತಮಿಳೇ ಮೊದಲು ಬಂತು. "ಬ್ಯಾಡ ಅಂತ ಕತ್ತರಿಸ್ಲಿಲ್ಲ. ಏನು ಅಂತ ತಿಳೀದೆ ಕತ್ತರಿಸ್ದೆ."

"ಕೈಯಲ್ಲಿ ಇಡ್ದಾಗ್ಲೂ ತಿಳೀಲಿಲ್ವಾ?"

"ನುಣ್ಣಗಿತ್ತು. ಗಾಯಕ್ಕೆ ಉಜ್ಜಲ್ಲ ಅಂದ್ಕೊಂಡೆ, ಅಷ್ಟೇ..." ಅವಳು ಮುದ್ದಿಯನ್ನು ಮುಂದೆ ಹಿಡಿದಳು. "ನಂಗೆ ಮುಖ ತೋರ್ಸಕ್ಕಾಗ್ತಿಲ್ಲ."

ಭೂಪತಿ ಎದ್ದು ಬಂದು ಮುದ್ದಿಯ ಹೊಟ್ಟೆ ನೋಡಿದ. ಹೊಲಿಗೆ ಬಿಚ್ಚಿರಲಿಲ್ಲ. ಸಡಿಲವಾಗಿದ್ದ ಗಂಟನ್ನು ಅವನೇ ಬಿಗಿದ.

"ಬೀದಿಯೆಲ್ಲಾ ನೋಡ್ಬಿಡ್ತಾ?"

"ನೋಡ್ತು. ಮೇನಕಕ್ಕ ನಕ್ಕಳು."

"ಮುಚ್ಕೊಂಡು ಬರ್ಬಾರ್ದಾ?"

"ಮುಚ್ದೆ. ಬೆಕ್ಕಿಗೆ ಆಗ್ಲಿಲ್ಲ."

ಅವನ ತುಟಿಯಂಚಿನಲ್ಲಿ ನಗು ಕಂಡಿತು.

"ಇನ್ನೊಂದು ನೆಯ್ಲಾ?" ಅವನು ಕೇಳಿದ.

"ನೆಯ್ಯಿ. ಈ ಸಲ ಅಮ್ಮನ ಕೈಗೆ ಕೊಡ್ಬ್ಯಾಡ. ನನ್ನ ಮುಂದೆ ನಿಂತು, ಬಾಯಿ ಬಿಟ್ಟು ಏಳು."

"ಅದುವರ್ಗೂ ಯಾಕೆ? ಈಗ್ಲೇ ಏಳ್ತೀನಿ." ಅವನ ದನಿ ಸಣ್ಣಗಾಯಿತು. "ನೀನು ನಮ್ಮನೆಗೆ ಬರ್ಬೇಕು ಜಯಾ."

ಅವಳು ತಲೆ ಎತ್ತಲಿಲ್ಲ. ಬೆಕ್ಕಿನ ಕಿವಿ ಸವರುತ್ತಾ ಮೆಲ್ಲಗೆ ಅಂದಳು.

"ಬಂದಿದೀನಲ್ಲ ಮಾಮಾ."