ಮಾಚೋಜ ಕಟ್ಟಿದ ಬಾಜಿ

ಬಹಳ ಬಹಳ ಹಿಂದೆ, ತುರಗಾವತಿ ಎಂಬ ರಾಜ್ಯದಲ್ಲಿ ಮನುಷ್ಯರಿಗಿಂತ ಕುದುರೆಗಳೇ ಹೆಚ್ಚಾಗಿದ್ದವು. ಅದಕ್ಕೆ ಕಾರಣ ಕೂಟಕೇತು ಎಂಬ ಮಾಯಾವಿ. ಊರ ಹೊರಗೆ ಅವನದೊಂದು ಓಟದ ಬಯಲು, ಪಕ್ಕದಲ್ಲಿ ಲಾಯ. ಯಾರು ಬೇಕಾದರೂ ಬಂದು ಬಾಜಿ ಕಟ್ಟಬಹುದು. ಮೂರು ದಿನ, ಮೂರು ಓಟ. ಮೆಚ್ಚಿದ ಕುದುರೆಯ ಜೂಲಿಗೆ ಕೆಂಪು ದಾರ ಕಟ್ಟಿದರೆ ಬಾಜಿ ಕಟ್ಟಿದಂತೆ. ಒಂದು ಓಟ ಸೋತರೂ ಕಟ್ಟಿದವನು ಕುದುರೆಯಾಗಿ ಲಾಯ ಸೇರಬೇಕು. ಮೂರೂ ಗೆದ್ದರೆ ಲಾಯವೇ ಅವನದು, ಮಾಯಾವಿಯೇ ಕುದುರೆಯಾಗಬೇಕು. ಇದುವರೆಗೆ ಯಾರೂ ಗೆದ್ದಿರಲಿಲ್ಲ. ಗೊತ್ತಿದ್ದೂ ಜನ ಸಾಲುಗಟ್ಟಿ ಹೋಗುತ್ತಿದ್ದರು, ಆಸೆಗೆ ಕಣ್ಣಿಲ್ಲವಲ್ಲ.

ಹಾಗೆ ಹೋದವರಲ್ಲಿ ಬೀರೋಜನೂ ಒಬ್ಬ. ಅವನ ತಮ್ಮ ಮಾಚೋಜ ಕುದುರೆಗೆ ಲಾಳ ಕಟ್ಟುವವನು, ಹುಟ್ಟಿದಂದಿನಿಂದ ಒಂದು ಕವಡೆಯನ್ನೂ ಬಾಜಿಗೆ ಇಟ್ಟವನಲ್ಲ. ಅಣ್ಣ ಹೋದ ಮೇಲೆ ಕುಲುಮೆಯಲ್ಲಿ ತಿದಿ ಒತ್ತುವವರಿಲ್ಲ, ಮನೆಯಲ್ಲಿ ಅತ್ತಿಗೆಯ ಮುಖ ನೋಡುವಂತಿಲ್ಲ. ಕೆಲಸದ ಚೀಲವನ್ನು ಹೆಗಲಿಗೇರಿಸಿಕೊಂಡು ಮಾಚೋಜ ಓಟದ ಬಯಲಿಗೆ ಹೊರಟ.

ಬಯಲಿನ ಬಾಗಿಲಲ್ಲಿ ಸಂಕವ್ವ ಎಂಬ ಮುದುಕಿ ಹುಲ್ಲು ಮಾರುತ್ತಿದ್ದಳು. ಅವಳ ಗಂಡ ಮೂವತ್ತು ವರ್ಷದಿಂದ ಬಿಳಿ ಕುದುರೆಯಾಗಿ ಒಳಗೇ ಇದ್ದ. ಅಷ್ಟು ವರ್ಷ ಓಟ ನೋಡಿದವಳಿಗೆ ಗೊತ್ತಿಲ್ಲದ್ದು ಏನಿದ್ದೀತು?

"ಹೊಸಬರು ಮೊದಲು ಕೇಳೋದು ಕುದುರೆ ಹೆಸರು," ಎಂದಳು. "ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ. ನೀನು ಕಾಲು ನೋಡಪ್ಪ."

ಮೊದಲ ದಿನ ಮನೋವೇಗ ಎಂಬ ಕುದುರೆ ಮೂಗಿನಲ್ಲಿ ಕಿಡಿ ಕಾರುತ್ತಾ ಬಂತು. ಜನ ಹೋ ಎಂದರು. ಮಾಚೋಜ ಕಾಲು ನೋಡಿದ. ಮೂಲೆಯಲ್ಲಿದ್ದ ಹೆಸರಿಲ್ಲದ ಕಂದು ಕುದುರೆಯ ನಾಲ್ಕೂ ಕಾಲು ನೆಟ್ಟಗಿದ್ದವು. ಅದಕ್ಕೆ ದಾರ ಕಟ್ಟಿದ, ಅದೇ ಗೆದ್ದಿತು.

ಎರಡನೆಯ ದಿನ ಎಲ್ಲರೂ ಆ ಕಂದು ಕುದುರೆಯ ಹೆಸರನ್ನೇ ಕೂಗುವುದಕ್ಕೆ ಹೋಗಿ, ಹೆಸರಿಲ್ಲದ್ದಕ್ಕೆ ತಾವೇ ಒಂದು ಹೆಸರಿಟ್ಟರು. ಗೆದ್ದೆತ್ತಿನ ಬಾಲ ಹಿಡಿಯುವ ಜನ. ನಿನ್ನೆ ಗೆದ್ದದ್ದು ನಿನ್ನೆಗೆ ಆಯಿತು, ಇವತ್ತು ನೆಲ ನೋಡು ಎಂದಳು ಸಂಕವ್ವ. ಮಾಯಾವಿ ಮಂತ್ರ ಹಾಕಿ ಬಯಲಿನ ಮೇಲೆ ಮಾತ್ರ ಮಳೆ ಸುರಿಸಿದ್ದ. ಮೊಣಕಾಲುದ್ದ ಕೆಸರು. ಮಾಚೋಜ ಅಗಲ ಗೊರಸಿನ ಕುಳ್ಳ ಕುದುರೆಗೆ ದಾರ ಕಟ್ಟಿದ, ಅದೇ ಗೆದ್ದಿತು.

ಮೂರನೆಯ ದಿನ ಕೂಟಕೇತು ಬಯಲಿಗೆಲ್ಲ ಚೂಪುಗಲ್ಲು ಹರಡಿ ಐದು ಕುದುರೆ ತಂದು ನಿಲ್ಲಿಸಿದ. ಕೊನೆಯದು ಕೆಂಚು ಬಣ್ಣದ್ದು, ಹೆಗಲ ಮೇಲೆ ಕುಲುಮೆಯ ಸುಟ್ಟ ಗಾಯ, ಗೊರಸು ಸವೆದು ಕುಂಟುತ್ತಿತ್ತು. ಅದು ಬೀರೋಜನೇ. ಅಣ್ಣ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಮಾಚೋಜ ಕೆಂಪು ದಾರ ಹಿಡಿದು ಅವನತ್ತ ಹೆಜ್ಜೆ ಇಟ್ಟ.

ಸಂಕವ್ವ ಅವನ ತೋಳು ಹಿಡಿದಳು. "ಮಮತೆಗೆ ಕಟ್ಟಬೇಡ ಮಗಾ. ಲಾಯದಲ್ಲಿರೋ ಅರ್ಧ ಕುದುರೆ ಹಾಗೆ ಕಟ್ಟಿದವೇ."

ಮಾಚೋಜ ಕಲಿತ ಪಾಠದಂತೆ ಕಾಲು ನೋಡಿದ, ನೆಲ ನೋಡಿದ. ಐದರಲ್ಲಿ ಒಂದಕ್ಕೂ ಲಾಳವಿಲ್ಲ. ಮಂತ್ರದಿಂದ ಕುದುರೆ ಮಾಡುವವನಿಗೆ ಗೊರಸಿನ ಕಷ್ಟ ಏನು ಗೊತ್ತು? ಆದರೆ ದಾರ ಕಟ್ಟುವುದಕ್ಕಲ್ಲದೆ ಕುದುರೆಯನ್ನು ಮುಟ್ಟಬೇಕಾದರೆ ಮಾಯಾವಿಯ ಅಪ್ಪಣೆ ಬೇಕಿತ್ತು.

"ಸ್ವಾಮಿ, ಈ ಕೆಂಚನಿಗೆ ಕಟ್ಟಲೇ?" ಎಂದು ಕೈಮುಗಿದು ಕೇಳಿದ.

ಕೂಟಕೇತು ಹೊಟ್ಟೆ ಹಿಡಿದುಕೊಂಡು ನಕ್ಕ. "ಕಟ್ಟಪ್ಪಾ, ಧಾರಾಳವಾಗಿ ಕಟ್ಟು."

ಮಾಚೋಜ ಜೂಲಿಗೆ ದಾರ ಕಟ್ಟಿದ. ಆಮೇಲೆ ನೆಲದಲ್ಲಿ ಕೂತು, ಕೆಂಚನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಚೀಲದಿಂದ ಲಾಳ ತೆಗೆದು ಮೊಳೆ ಹೊಡೆಯತೊಡಗಿದ. ಮಾಯಾವಿಯ ನಗು ನಿಂತಿತು. ಇದೇನು ಎಂದು ಗದರಿದ.

"ತಾವೇ ಕಟ್ಟು ಅಂದಿರಿ," ಎಂದ ಮಾಚೋಜ. "ನಮ್ಮ ಕುಲುಮೇಲಿ ಕಟ್ಟು ಅಂದ್ರೆ ಇದೇ ಸ್ವಾಮಿ."

ಆ ಬಯಲಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾಯಾವಿಗೂ ಬರುತ್ತಿರಲಿಲ್ಲ. ಮಾಚೋಜ ನಾಲ್ಕು ಕಾಲಿಗೂ ಕಟ್ಟಿ ಮುಗಿಸಿದ. ಓಟ ಶುರುವಾಯಿತು. ನಾಲ್ಕು ಕುದುರೆ ಕಲ್ಲಿನ ಮೇಲೆ ಹೆಜ್ಜೆ ಎಣಿಸುತ್ತಾ ನಡೆದವು. ಕೆಂಚ ಟಕಟಕ ಓಡಿ ಗುರಿಗಂಬ ದಾಟಿದ. ದಾಟುತ್ತಲೇ ಬೀರೋಜನಾಗಿ, ನಾಲ್ಕು ಕಾಲಿನಿಂದ ಎರಡಕ್ಕೆ ಎದ್ದು ನಿಂತು, ಯಾರು ಗೆದ್ದರು ಎಂದು ಕೇಳಿದ. ಚಟ ಎಂದರೆ ಅದು.

ಮೂರನೆಯ ಗೆಲುವಿಗೆ ಮಂತ್ರ ಮುರಿದು ಲಾಯದ ಕುದುರೆಗಳೆಲ್ಲ ಮನುಷ್ಯರಾದರು. ಕೂಟಕೇತು ತನ್ನ ನಿಯಮಕ್ಕೆ ತಾನೇ ಸಿಕ್ಕಿ ಬೂದು ಕುದುರೆಯಾದ. ಸಂಕವ್ವನ ಮುದುಕ ಹೊರಗೆ ಬಂದವನೇ ರೂಢಿಯಂತೆ ಹುಲ್ಲಿಗೆ ಬಾಯಿ ಹಾಕಿದ. ಮುದುಕಿ ಕಣ್ಣೊರೆಸಿಕೊಂಡು, ಮಾಚೋಜನನ್ನು ತರಾಟೆಗೆ ತೆಗೆದುಕೊಂಡಳು.

"ಮಮತೆಗೆ ಕಟ್ಟಬೇಡ ಅಂದಿದ್ದೆನಲ್ಲೋ."

"ಮಮತೆಗೆ ಕಟ್ಟಲಿಲ್ಲ ಅವ್ವ," ಎಂದ ಮಾಚೋಜ. "ಗೊರಸಿಗೆ ಕಟ್ಟಿದೆ."

ಅಣ್ಣತಮ್ಮಂದಿರು ಮನೆಗೆ ಹೋದರು. ಬೀರೋಜ ತಿದಿ ಒತ್ತಿದ, ಅತ್ತಿಗೆ ನಕ್ಕಳು, ಊರು ಮತ್ತೆ ಊರಾಯಿತು. ಆ ಬೂದು ಕುದುರೆ ಮಾತ್ರ ಈಗಲೂ ಆಗಾಗ ಕುಂಟುತ್ತಾ ಕುಲುಮೆಯ ಬಾಗಿಲಿಗೆ ಬಂದು ಕಾಲೆತ್ತಿ ನಿಲ್ಲುತ್ತದಂತೆ. ಮಾಚೋಜ ಅದಕ್ಕೆ ಹುಲ್ಲು ಹಾಕುತ್ತಾನೆ, ನೀರು ಕುಡಿಸುತ್ತಾನೆ, ಕಟ್ಟುವುದಿಲ್ಲ.